ಅಮೃತಪ್ಪನವರು ಯಾವ ಡಬ್ಬಿಯಲ್ಲಿದ್ದರು?

ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ರೈಲುಹಳಿಗೆ ಬೆನ್ನು ಕೊಟ್ಟು ನಿಂತ ಮನೆಗಳಿವೆ. ಗೂಡ್ಸ್ ಗಾಡಿ ಹೋದರೆ ಅಲ್ಲಿ ಗೋಡೆ ಅದುರುತ್ತದೆ, ಅಡುಗೆಮನೆಯ ಡಬ್ಬಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಅಲ್ಲಿಯವರಿಗೆ ಅದು ರೂಢಿ. ಆದರೆ ಪಾರ್ವತಿಬಾಯಿಯ ಮನೆಯಲ್ಲಿ ಗಾಡಿ ಹೋದಾಗ ಇನ್ನೊಂದು ಸಂಗತಿಯೂ ನಡೆಯುತ್ತಿತ್ತು. ತೀರಿಹೋದ ಅವರ ಗಂಡ ಅಮೃತಪ್ಪನವರ ಮುಖ ಕಾಣಿಸಿಕೊಳ್ಳುತ್ತಿತ್ತು.

ಪಡಸಾಲೆಯ ಮೂಲೆಯಲ್ಲಿ ಮೇಜು, ಮೇಜಿನ ಮೇಲೆ ಹಳೆಯ ಮಾನಿಟರ್, ಕೆಳಗೆ ಕಪ್ಪು ಡಬ್ಬಿ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಅಮೃತಪ್ಪನವರು ನಿವೃತ್ತರಾದ ಮೇಲೆ ಆ ಕಂಪ್ಯೂಟರಿನಲ್ಲಿ ಕನ್ನಡ ಲಗ್ನಪತ್ರಿಕೆ ಜೋಡಿಸಿಕೊಡುತ್ತಿದ್ದರು. ಹೈದರಾಬಾದಿನಲ್ಲಿ ಕನ್ನಡ ಅಕ್ಷರವನ್ನು ತಪ್ಪಿಲ್ಲದೆ ಹೊಡೆಯುವವರು ಸುಲಭಕ್ಕೆ ಸಿಗುವುದಿಲ್ಲ. ಲಿಂಗಸೂಗೂರು, ಸಿಂಧನೂರು ಕಡೆಯಿಂದ ಬಂದು ನೆಲೆಸಿದ ಮನೆತನಗಳೆಲ್ಲ ಮದುವೆ ಬಂತೆಂದರೆ ಇವರ ಬಾಗಿಲಿಗೇ ಬರುತ್ತಿದ್ದವು. ಅವರು ಹೋದ ಮೇಲೆ ಸೊಸೆ ಶೈಲಶ್ರೀ ಆ ಕೆಲಸ ಹಿಡಿದಳು. ಮಾವನ ಫೋಟೋವೊಂದನ್ನು ಪರದೆಯ ತುಂಬ ಬರುವಂತೆ ಹಾಕಿದವಳೂ ಅವಳೇ.

ಆ ಫೋಟೋದಲ್ಲಿ ಅಮೃತಪ್ಪನವರು ಎಲೆಅಡಿಕೆ ಜಗಿಯುತ್ತ ನಗುತ್ತಿದ್ದರು. ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೋ ಆಫೀಸಿನ ಗುರುತಿನ ಚೀಟಿಯದು, ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವರು ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು. ನಗುವ ಫೋಟೋ ತೆಗೆದ ಫೋನು ಬಸ್ಸಿನಲ್ಲಿ ಕಳೆದುಹೋಗಿತ್ತು. ಹಾಗಾಗಿ ನಗುವ ಅಮೃತಪ್ಪನವರು ಉಳಿದದ್ದು ಆ ಪರದೆಯೊಂದರಲ್ಲೇ ಎಂದು ಪಾರ್ವತಿಬಾಯಿ ತಿಳಿದಿದ್ದರು.

ಆವತ್ತಿನಿಂದ ಅವರು ಅದನ್ನು ಆರಿಸಗೊಡಲಿಲ್ಲ. "ನಂದಾದೀಪ ಯಾರರ ಆರಸ್ತಾರೇನು?" ಎಂದು ಸೊಸೆಯ ಬಾಯಿ ಮುಚ್ಚಿಸಿದರು. ಹಿರಿಯರ ಅಮಾವಾಸ್ಯೆ ಬಂದಾಗ ಎಡೆಯನ್ನು ಮಾನಿಟರಿನ ಮುಂದೆಯೇ ಇಟ್ಟರು. ಬಿಸಿ ಅನ್ನದ, ಹೋಳಿಗೆಯ ಹಬೆ ಪರದೆಗೆ ತಾಗಿ ಮಂಜು ಕಟ್ಟಿತು. ನಗುವ ಮುಖ ಬೆವರಿದ ಹಾಗೆ ಕಂಡಿತು. "ನೋಡು, ಉಂಡ್ರು" ಎಂದರು ಪಾರ್ವತಿಬಾಯಿ. ಆಮೇಲೆ ಪ್ರತಿ ಅಮಾವಾಸ್ಯೆಗೂ ಅದೇ ನಡೆಯಿತು. ಮಾನಿಟರಿನ ನೆತ್ತಿಗೆ ಬೆರಳಲ್ಲಿ ವಿಭೂತಿ, ಹಿಂದಿನ ಕಂಡಿಗಳ ಮೇಲೆ ಹೂವು, ಸುತ್ತ ಲೋಬಾನದ ಹೊಗೆ. ಉಳಿದ ದಿನಗಳಲ್ಲಿ ಕಸೂತಿ ಹಾಕಿದ ದಪ್ಪ ಬಟ್ಟೆಯೊಂದನ್ನು ಸೆರಗಿನಂತೆ ಹೊದಿಸುತ್ತಿದ್ದರು. ಮುಖ ಮಾತ್ರ ಕಾಣಬೇಕು, ಬೆನ್ನು ಪೂರ್ತಿ ಮುಚ್ಚಬೇಕು.

ಮೊದಲು ಮುಖ ಕೆಂಪಾಗತೊಡಗಿತು. ಬೆಳ್ಳಗಿದ್ದ ಅಂಗಿಯೂ ದಿನದಿನಕ್ಕೆ ಕೆಂಪೇರಿತು. ನಂತರ ಮಬ್ಬಾಯಿತು. ಒಳಗಿನಿಂದ ಟಿಕ್, ಟಿಕ್ ಎಂದು ಉಗುರಿನಿಂದ ಬಾಗಿಲು ತಟ್ಟಿದಂಥ ಸದ್ದು ಬರತೊಡಗಿತು. ಒಂದು ದಿನ ಶೈಲಶ್ರೀ ಪತ್ರಿಕೆ ಜೋಡಿಸುತ್ತಿದ್ದಾಗಲೇ ಪರದೆ ಕಪ್ಪಾಗಿ ಕುಳಿತಿತು.

ಮುಸ್ಸಂಜೆ. ಶೈಲಶ್ರೀ ಬಾಣಂತಿ ತಂಗಿಯನ್ನು ನೋಡಿಕೊಳ್ಳಲು ತವರಿಗೆ ಹೊರಡಲಿದ್ದಳು, ಒಳಗೆ ಬಟ್ಟೆ ಮಡಚುತ್ತಿದ್ದಳು. ಮಗ ಶರಣಕುಮಾರ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಿಂದ ಇನ್ನೂ ಬಂದಿರಲಿಲ್ಲ. ಪಾರ್ವತಿಬಾಯಿ ಒಬ್ಬರೇ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಗೂಡ್ಸ್ ಗಾಡಿ ಬಂತು. ಗೋಡೆ ಅದುರಿತು, ಮೇಜು ಅದುರಿತು. ಸತ್ತು ಬಿದ್ದಿದ್ದ ಪರದೆ ತಟ್ಟನೆ ಬೆಳಗಿತು. ಅಮೃತಪ್ಪನವರು ಕೆಂಪು ಮುಖದಲ್ಲಿ ನಕ್ಕರು. ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಕತ್ತಲೆ.

ಪಾರ್ವತಿಬಾಯಿಯ ಕೈಯಿಂದ ಹತ್ತಿ ಜಾರಿತು. ಅವರು ಮೆಲ್ಲಗೆ ಎದ್ದು, ಬ್ಯಾಟರಿ ದೀಪ ತಂದು, ಪರದೆಯ ಹತ್ತಿರ ಹಿಡಿದರು. ಕಪ್ಪು ಗಾಜಿನ ಆಳದಲ್ಲಿ, ಬಾವಿಯ ತಳದಲ್ಲಿ ಕಂಡ ಹಾಗೆ, ಗಂಡನ ಮುಖವಿತ್ತು. ಬೆಳಕಿಲ್ಲ, ಬಣ್ಣವಿಲ್ಲ, ಆದರೆ ಅದೇ ನಗು. ಬ್ಯಾಟರಿ ಆಚೆ ಸರಿಸಿದರೆ ಮುಖವಿಲ್ಲ. ಹತ್ತಿರ ತಂದರೆ ಇದೆ.

"ಏನರ ಹೇಳೂದೈತೇನ್ರಿ?" ಎಂದು ಅವರು ಪಿಸುಗುಟ್ಟಿದರು.

ಒಳಗಿನಿಂದ ಟಿಕ್ ಎಂದಿತು.

ಮರುದಿನ ಊರಿಗೆ ಹೊರಡುವ ಮುಂಚೆ ಶೈಲಶ್ರೀ ಕೆಳಗಿನ ಮನೆಯ ರಶ್ಮಿಯನ್ನು ಕರೆದಳು. ರಶ್ಮಿ ತಾರ್ನಾಕದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಅವಳು ಮೇಜಿನ ಹತ್ತಿರ ಹೋದವಳೇ ಮೂಗು ಅರಳಿಸಿದಳು.

"ಕಾಕೂ, ಸುಟ್ಟ ವಾಸನಿ ಬರಾಕತ್ತೈತಿ."

"ಲೋಬಾನ ಹಾಕೀನಿ."

"ಲೋಬಾನ ಹಿಂಗ ನಾರೂದಿಲ್ರಿ. ಇದು ಪ್ಲಾಸ್ಟಿಕ್ ಸುಟ್ಟಿದ್ದು. ಮೊದಲ ವಾಯರ್ ಕಿತ್ತಿಡೂಣು."

"ಕೈ ಹಚ್ಚಬ್ಯಾಡ. ಗಾಡಿ ಹೋದಾಗೆಲ್ಲಾ ಅವರು ಬರಾಕತ್ತ್ಯಾರ."

ರಶ್ಮಿ ನಗಲಿಲ್ಲ. ಮೇಜಿನ ಮೇಲಿದ್ದ ಮೌಸನ್ನು ಒಂದು ಬೆರಳಿನಿಂದ ಅಲುಗಿಸಿದಳು. ಪರದೆ ಬೆಳಗಿ, ಮುಖ ತೋರಿಸಿ, ಆರಿತು.

"ಗಾಡಿ ಹೋದ್ರ ಮೇಜು ನಡಗತೈತಿ, ಮೌಸ್ ಸರೀತೈತಿ, ಮಲಗಿದ್ದ ಕಂಪ್ಯೂಟರ್ ಏಳತೈತಿ. ಪರದಿ ಹಿಂದ ಸಣ್ಣ ಟ್ಯೂಬ್‌ಲೈಟ್ ಇರ್ತಾವ್ರಿ. ಅವಕ್ಕ ಕರೆಂಟ್ ಕೊಡೂ ಭಾಗ ಸೋತೈತಿ, ಅದಕ್ಕ ಹತ್ತಿ ಆರ್ತಾವ. ಚಿತ್ರ ಮಾತ್ರ ಹಂಗ ಇರತೈತಿ. ನೀವು ಬ್ಯಾಟರಿ ಹಿಡದಾಗ ಕಾಣೂದು ಅದ."

"ಎಲ್ಲಾಕ್ಕೂ ಒಂದೊಂದು ಕಾರಣ ಹೇಳತಿ ಬಿಡು. ನಿನಗ ಲಗ್ನ ಯಾಕ ಕೂಡವಲ್ತು, ಅದಕ್ಕೊಂದು ಹೇಳು ನೋಡೂಣು."

"ಅದಕ್ಕ ಕಾರಣ ನಮ್ಮವ್ವ ರೀ" ಎಂದಳು ರಶ್ಮಿ. "ನಾಳಿ ಸಂಜಿಗೆ ಬರ್ತೀನಿ. ಅಂಗಡಿಯಾಗ ಬಿಚ್ಚಿಸಿ, ರಿಪೇರಿನೋ ಹೊಸದೋ ನೋಡೂಣು. ವಾಯರ್ ಕೀಳಾಕ ಬಿಡೂದಿಲ್ಲಂದ್ರ ಅಲ್ಲೀತನಕ ಆ ಬಟ್ಟಿಯರ ತಗೀರಿ, ಉಸಿರಾಡ್ಲಿ."

ಅವಳು ಮೆಟ್ಟಿಲು ಇಳಿದ ಕೂಡಲೇ ಪಾರ್ವತಿಬಾಯಿ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹೊದಿಸಿದರು.

ಶರಣಕುಮಾರನ ಲೆಕ್ಕವೇ ಬೇರೆ. ಪರದೆ ಸತ್ತಿತೆಂದರೆ ಕಂಪ್ಯೂಟರೇ ಸತ್ತಿತು ಎಂದು ಅವನು ನಂಬಿದ್ದ. ಹೆಂಡತಿ ಊರಿಂದ ಬರುವಷ್ಟರಲ್ಲಿ ಹೊಸ ಸೆಟ್ಟೇ ತಂದಿಟ್ಟು ಅವಳನ್ನು ಬೆರಗುಗೊಳಿಸಬೇಕೆಂದಿದ್ದ. ಮರುದಿನ ರಜೆ. ಮುಂಜಾನೆ ಬೀದಿಯಲ್ಲಿ ಹಳೆಸಾಮಾನು ಕೊಳ್ಳುವ ಕಬಾಡಿಯವನ ಕೂಗು ಕೇಳಿದ್ದೇ ಅವನನ್ನು ಮೇಲಕ್ಕೆ ಕರೆದ.

"ಎರಡೂ ಒಯ್ಯಲಿ ಅವ್ವ. ಮನಿಗೆ ಬೆಂಕಿ ಹತ್ತೂ ಮೊದಲ ತೊಲಗಲಿ."

ಪಾರ್ವತಿಬಾಯಿ ಮಾನಿಟರನ್ನು ಎರಡೂ ಕೈಯಿಂದ ತಬ್ಬಿ ನಿಂತರು. "ಇದನ್ನ ಒಯ್ದ್ರ ನನ್ನೂ ಅದರ ಕೂಡ ಕಟ್ಟಿ ಕಳಸು. ನಿಮ್ಮಪ್ಪ ಇದರಾಗ ಅದಾರ."

ಕಬಾಡಿಯವನು ಮೇಲೊಮ್ಮೆ ಕೆಳಗೊಮ್ಮೆ ನೋಡಿ, ಕಾಲಿನಿಂದ ಕಪ್ಪು ಡಬ್ಬಿಯನ್ನು ತಟ್ಟಿದ. "ಯೇ ತೋ ದೇತೇ ನಾ ಅಮ್ಮಾ?" ಇದನ್ನಾದರೂ ಕೊಡುತ್ತೀರಲ್ಲ ಎಂದು.

ಪಾರ್ವತಿಬಾಯಿ ಕೆಳಗೆ ನೋಡಿದರು. ಆ ಡಬ್ಬಿಗೆ ಅವರು ಯಾವತ್ತೂ ವಿಭೂತಿ ಹಚ್ಚಿರಲಿಲ್ಲ. ಕಸ ಹೊಡೆಯುವಾಗ ಪೊರಕೆಗೆ ಅಡ್ಡ ಬರುವ ವಸ್ತು ಅದು.

"ಅದನ್ನ ಒಯ್ಯಲಿ" ಎಂದರು. "ಅದರಾಗೇನೈತಿ, ಹಗಲೂ ರಾತ್ರಿ ಗುರ್ ಅಂತೈತಿ. ಮುಖ ನನಗಿರ್ಲಿ, ಡಬ್ಬಿ ಅವಗ ಹೋಗ್ಲಿ."

ಮಗನಿಗೂ ಅದು ರಾಜಿಯಾಗಿ ಕಂಡಿತು. ಡಬ್ಬಿ ಮೆಟ್ಟಿಲಿಳಿದು ಹೋಯಿತು. ಅವನು ಹೊಸ ಸೆಟ್ ನೋಡಿಬರಲು ಸಿಕಂದರಾಬಾದಿಗೆ ಹೋದ.

ಮನೆ ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಗುರ್ ಎನ್ನುವ ಸದ್ದು ನಿಂತಿತ್ತು. ಅದು ಇಷ್ಟು ದಿನ ಮನೆ ತುಂಬಿತ್ತೆಂದು ಪಾರ್ವತಿಬಾಯಿಗೆ ಈಗ ಗೊತ್ತಾಯಿತು. ಮಧ್ಯಾಹ್ನ ಗಾಡಿ ಬಂತು. ಗೋಡೆ ಅದುರಿತು, ಮೇಜು ಅದುರಿತು. ಪರದೆ ಬೆಳಗಲಿಲ್ಲ.

ಅವರು ಕಿಟಕಿ ಮುಚ್ಚಿ, ಮಾನಿಟರಿನ ಗುಂಡಿ ಒತ್ತಿ, ಬ್ಯಾಟರಿ ಹಿಡಿದರು. ಮುಖವಿರಲಿಲ್ಲ. ಅದರ ಬದಲು ಕತ್ತಲೆಯಲ್ಲಿ ಒಂದು ಸಣ್ಣ ಚೌಕ ತೇಲುತ್ತಿತ್ತು. ಅದರೊಳಗೆ ಇಂಗ್ಲಿಷ್ ಅಕ್ಷರ, ಅವರಿಗೆ ಓದಲು ಬಾರದ್ದು. ಚೌಕ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಕೆಳಗಿಳಿಯಿತು. ಖಾಲಿ ಮನೆಯಲ್ಲಿ ಯಾರೋ ಏನನ್ನೋ ಹುಡುಕುತ್ತ ಅಡ್ಡಾಡಿದ ಹಾಗಿತ್ತು. ಸ್ವಲ್ಪ ಹೊತ್ತಿಗೆ ಅದೂ ಹೋಯಿತು. ಗಾಜಿನಲ್ಲಿ ಉಳಿದದ್ದು ಅವರದೇ ಮುಖ.

"ಸಿಟ್ಟಾದ್ರೇನ್ರಿ?" ಎಂದು ಕೇಳಿದರು. ಲೋಬಾನ ಹಾಕಿದರು. ಕಾಯಿ ಒಡೆದರು. ಟಿಕ್ ಎಂಬ ಸದ್ದೂ ಬರಲಿಲ್ಲ.

ಸಂಜೆ ಹೇಳಿದ ಹಾಗೆಯೇ ರಶ್ಮಿ ಬಂದಳು. ಪಾರ್ವತಿಬಾಯಿ ಮೇಜಿನ ಮುಂದೆ ನೆಲದ ಮೇಲೆ ಕುಳಿತಿದ್ದರು. ರಶ್ಮಿ ಬಗ್ಗಿ ಮೇಜಿನ ಕೆಳಗೆ ನೋಡಿದಳು.

"ಕೆಳಗಿನ ಡಬ್ಬಿ ಎಲ್ರಿ ಕಾಕೂ?"

"ಕಬಾಡಿಗೆ ಕೊಟ್ವಿ. ಆವಾಗಿನಿಂದ ಅವರು ಬರವಲ್ರು."

ರಶ್ಮಿ ಮಾನಿಟರಿನ ಗುಂಡಿ ಒತ್ತಿ, ತೇಲುವ ಚೌಕಕ್ಕೆ ಬ್ಯಾಟರಿ ಹಿಡಿದು ಓದಿದಳು. "ಸಿಗ್ನಲ್ ಇಲ್ಲ ಅಂತ ಬರದೈತಿ. ತನಗ ಎಲ್ಲಿಂದೂ ಏನೂ ಬರಾಕತ್ತಿಲ್ಲ ಅಂತ ಈ ಪರದಿ ಹೇಳಾಕತ್ತೈತ್ರಿ. ಕಾಕೂ, ಕಾಕಾರು ಇದರಾಗ ಇರಲೇ ಇಲ್ಲ. ಇದು ಬರೇ ಕಿಟಕಿ. ಫೋಟೋ, ಶೈಲಕ್ಕನ ಲಗ್ನಪತ್ರಿಕಿ, ಎಲ್ಲಾ ಇದ್ದದ್ದು ಆ ಡಬ್ಬಿಯೊಳಗ."

ಪಾರ್ವತಿಬಾಯಿಗೆ ಮಾತು ಅರ್ಥವಾಗಲು ತಡವಾಯಿತು. ಅರ್ಥವಾದ ಮೇಲೆ ಅವರು ಚಪ್ಪಲಿ ಮೆಟ್ಟಲಿಲ್ಲ, ಬಾಗಿಲು ಹಾಕಲಿಲ್ಲ. ಹಾಗೇ ಮೆಟ್ಟಿಲಿಳಿದರು. ರಶ್ಮಿ ಹಿಂದೆ ಓಡಿದಳು.

ಕಬಾಡಿಯವನ ಗೋದಾಮು ಹಳಿಯ ಆಚೆ, ತಗಡಿನ ಗೋಡೆಯ ಹಿಂದಿತ್ತು. ಒಳಗೆ ಒಂದೇ ಬಲ್ಬು. ಎರಡೂ ಕಡೆ ಸತ್ತ ಮಾನಿಟರುಗಳನ್ನು ಎದೆಯೆತ್ತರಕ್ಕೆ ಪೇರಿಸಿದ್ದರು. ಎಲ್ಲವೂ ದಾರಿಯ ಕಡೆ ಮುಖ ಮಾಡಿದ್ದವು. ಪಾರ್ವತಿಬಾಯಿ ನಡೆದಂತೆ ಪ್ರತಿ ಕಪ್ಪು ಗಾಜಿನಲ್ಲೂ ಒಬ್ಬ ಮುದುಕಿ ಅವರ ಜೊತೆ ನಡೆದಳು. ಅವರು ನಿಂತರೆ ಎಲ್ಲ ಮುದುಕಿಯರೂ ನಿಂತರು. ಯಾವುದೋ ಗಾಜಿನ ಮೇಲೆ ಯಾರದೋ ಮನೆಯ ಕುಂಕುಮ ಇನ್ನೂ ಹಾಗೇ ಅಂಟಿತ್ತು. ಇವುಗಳ ಮುಂದೆ ಯಾರು ಯಾರು ಕುಳಿತಿದ್ದರೋ, ಯಾರ ಯಾರ ಮುಖ ಇವುಗಳಲ್ಲಿ ಮೂಡಿತ್ತೋ.

ಮೂಲೆಯಲ್ಲಿ ಒಬ್ಬ ಮಾನಿಟರಿನ ಬೆನ್ನು ಒಡೆದು ತೆಳ್ಳನೆಯ ಗಾಜಿನ ಕೊಳವೆಗಳನ್ನು ಮುರಿಯುತ್ತಿದ್ದ. ಇನ್ನೊಂದೆಡೆ ವೈರು ಸುಡುವ ಹೊಗೆ. ರಶ್ಮಿ ಪಾರ್ವತಿಬಾಯಿಯ ಸೆರಗನ್ನೆಳೆದು ಅವರ ಮೂಗಿಗೆ ಹಿಡಿದಳು. "ಆ ಟ್ಯೂಬಿನಾಗ ಪಾದರಸ ಇರತೈತ್ರಿ. ಒಡದ್ರ ಅದು ಗಾಳಿಗೆ ಬರತೈತಿ, ಇವರ ಎದಿಗಿಳೀತೈತಿ. ಪಾಪ, ಕೈಗೊಂದು ಗವಸೂ ಇಲ್ಲ."

ಡಬ್ಬಿಗಳ ರಾಶಿಯಲ್ಲಿ ಎಲ್ಲವೂ ಒಂದೇ ಥರ. ಪಾರ್ವತಿಬಾಯಿ ಒಂದೊಂದನ್ನೇ ತಿರುಗಿಸಿದರು. ಕೊನೆಗೆ ಅಮೃತಪ್ಪನವರು ಅಂಟಿಸಿದ್ದ ಬಸವಣ್ಣನ ಸ್ಟಿಕರ್ ಸಿಕ್ಕಿತು. ಡಬ್ಬಿಯ ಒಂದು ಪಕ್ಕೆ ಆಗಲೇ ತೆರೆದಿತ್ತು.

"ಸ್ಕ್ರೂ ಖೋಲ್ ದಿಯಾ ಅಮ್ಮಾ, ಅಬ್ಬೀಚ್ ತೋಡ್ನೇವಾಲಾ ಥಾ" ಎಂದ ಕಬಾಡಿಯವನು. ಸ್ಕ್ರೂ ಬಿಚ್ಚಿಯಾಗಿದೆ, ಇನ್ನೇನು ಒಡೆಯುವವನಿದ್ದೆ ಎಂದು. ಕೆಟ್ಟವನಲ್ಲ, ತಾನು ಕೊಟ್ಟಿದ್ದ ದುಡ್ಡನ್ನು ರಶ್ಮಿಯಿಂದ ವಾಪಸ್ ಪಡೆದು ಡಬ್ಬಿ ಬಿಟ್ಟುಕೊಟ್ಟ. ರಶ್ಮಿ ಒಳಗೆ ಇಣುಕಿ ಒಂದು ಚಪ್ಪಟೆ ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು. "ಹಾರ್ಡ್‌ಡಿಸ್ಕ್ ಐತ್ರಿ. ನೆನಪಿನಾಗ ಇಟ್ಟುಕೊಳ್ಳೂದೆಲ್ಲಾ ಇದರಾಗ."

ಡಬ್ಬಿಯನ್ನು ಪಾರ್ವತಿಬಾಯಿಯೇ ಸೊಂಟದ ಮೇಲೆ ಹೊತ್ತರು. ರಶ್ಮಿ ಕೈಚಾಚಿದರೂ ಕೊಡಲಿಲ್ಲ.

ರಶ್ಮಿಯ ಮನೆಯಲ್ಲಿ ಟೀವಿ ಇತ್ತು. ಅವಳು ಪಕ್ಕೆಯನ್ನು ಮುಚ್ಚಿ, ವೈರು ಜೋಡಿಸಿ, ಗುಂಡಿ ಒತ್ತಿದಳು. ಗುರ್ ಎಂದಿತು. ಟೀವಿ ತುಂಬ ಹೊತ್ತು ಕಪ್ಪಾಗಿಯೇ ಇತ್ತು. ಪಾರ್ವತಿಬಾಯಿ ಉಸಿರು ಹಿಡಿದು ನಿಂತರು. ಆಮೇಲೆ ಅಮೃತಪ್ಪನವರು ಬಂದರು. ಗೋಡೆಯಗಲದ ಟೀವಿಯಲ್ಲಿ, ಬೆಳ್ಳನೆಯ ಅಂಗಿಯಲ್ಲಿ, ಹಿಂದಿನ ತುಳಸಿಗಿಡದ ಹಸಿರೂ ಕಾಣುವಂತೆ. ಮುಖ ಕೆಂಪಾಗಿರಲಿಲ್ಲ, ಸಿಟ್ಟಾಗಿರಲಿಲ್ಲ. ಎಲೆಅಡಿಕೆಗೆ ಹಲ್ಲು ಮಾತ್ರ ಕೆಂಪಾಗಿತ್ತು.

ಪಾರ್ವತಿಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ನಿಮ್ಮನ್ನ ಪೊರಕಿಲೆ ಹೊಡೀತಿದ್ನೆಲ್ರಿ" ಎಂದರು ಟೀವಿಗೆ. "ಕಬಾಡಿಗೆ ನಾನ ಕೊಟ್ನೆಲ್ರಿ."

ರಶ್ಮಿ ಆ ಫೋಟೋವನ್ನು ಪೆನ್‌ಡ್ರೈವಿಗೆ ಹಾಕಿದಳು, ಶೈಲಶ್ರೀಯ ಫೋನಿಗೂ ಕಳಿಸಿದಳು. "ಈಗ ಮೂರು ಕಡೆ ಅದಾರ. ಒಂದು ಕೆಟ್ರ ಇನ್ನೊಂದು."

ಮಾನಿಟರಿನ ಪ್ರಶ್ನೆ ಹಾಗೇ ಉಳಿದಿತ್ತು. ಮರುದಿನ ಶರಣಕುಮಾರ ಅದನ್ನು ಹೊತ್ತುಕೊಂಡು ತಾಯಿ ಮತ್ತು ರಶ್ಮಿಯ ಜೊತೆ ರಿಪೇರಿ ಅಂಗಡಿಗೆ ಹೋದ. ಹಿಂದಿನ ದಿನದ ಸಂಗತಿ ಕೇಳಿದ ಮೇಲೆ ಅವನ ದನಿ ಇಳಿದಿತ್ತು.

"ಹೊಸಾ ಸೆಟ್ ಬ್ಯಾಡಲ್ಲ ಹಂಗಾರ?"

"ಡಬ್ಬಿ ಗಟ್ಟಿ ಐತಲ್ಲಣ್ಣ, ಸೆಟ್ ಯಾಕ? ಬರೇ ಮಾನಿಟರ್ ವಿಚಾರ ಮಾಡ್ರಿ" ಎಂದಳು ರಶ್ಮಿ. "ಹತ್ತಿ ಆರಾಕತ್ತಿದ್ರ ಭಾಳ ಸಲ ಒಳಗಿನ ಕೆಪಾಸಿಟರ್ ಅನ್ನೂ ಸಣ್ಣ ಭಾಗಗಳು ಉಬ್ಬಿರ್ತಾವ. ಅವನ್ನ ಬದಲಿಸೂದು ಸಣ್ಣ ಕೆಲಸ, ರಿಪೇರಿನ ಚಲೋ. ಒಮ್ಮೊಮ್ಮೆ ವಾಯರ್ ಸಡಿಲಾಗಿ ಹಿಂಗಾಗಿರತೈತಿ. ಆದರ ಗಾಜು ಒಡದಿದ್ರ, ಗೆರಿ ಬಿದ್ದಿದ್ರ, ರಿಪೇರಿಗೆ ಹೊಸದರ ಅರ್ಧಕ್ಕಿಂತ ಹೆಚ್ಚು ಕೇಳಿದ್ರ, ಬಿಟ್ಟುಬಿಡೂದು ಶ್ಯಾಣೇತನ. ಸುಟ್ಟ ವಾಸನಿ ಬಂದ್ರಂತೂ ಬಿಚ್ಚಿ ನೋಡೂತನಕ ಕರೆಂಟ್ ಕೊಡಬಾರದು. ಬಿಚ್ಚೂದೂ ನಾವಲ್ಲ. ವಾಯರ್ ಕಿತ್ತ ಮ್ಯಾಲೂ ಒಳಗ ಕರೆಂಟ್ ಕುಂತಿರತೈತಿ."

ರಿಪೇರಿಯವರು ಬೆನ್ನಿನ ಮುಚ್ಚಳ ತೆಗೆದರು.

ಒಳಗೆಲ್ಲ ಬೂದಿ. ವಿಭೂತಿ ಉದುರಿ ಉದುರಿ ಒಂದು ಪದರವಾಗಿತ್ತು. ಅದರ ಮೇಲೆ ಲೋಬಾನದ ಕಪ್ಪು ಜಿಡ್ಡು. ನಡುವೆ ಒಣಗಿದ ಚೆಂಡುಹೂವಿನ ಎಸಳುಗಳು, ಎಂದಿನದೋ ಒಂದು ಅನ್ನದ ಅಗಳು. ಸಮಾಧಿ ತೆರೆದಂತಿತ್ತು. ಮಧ್ಯದ ಸರ್ಕ್ಯೂಟ್ ಹಲಗೆಯಲ್ಲಿ ಅಂಗೈಯಷ್ಟು ಜಾಗ ಸುಟ್ಟು ಇದ್ದಿಲಾಗಿತ್ತು. ಅದರ ಪಕ್ಕದಲ್ಲೇ ಒಂದು ಎಸಳಿನ ಅಂಚು ಕರಕಾಗಿತ್ತು.

"ಇಂಕಾ ಕೊನ್ನಿ ರೋಜುಲು ಅಯಿತೇ ಇಲ್ಲು ಕಾಲೇದಿ" ಎಂದರು ಅವರು. ಇನ್ನೂ ಕೆಲವು ದಿನ ಬಿಟ್ಟಿದ್ದರೆ ಮನೆ ಸುಡುತ್ತಿತ್ತು ಎಂದು. ಟ್ಯೂಬೂ ಹೋಗಿದೆ, ಹಲಗೆಯೂ ಹೋಗಿದೆ, ಎರಡನ್ನೂ ಹಾಕಿದರೆ ಹೆಚ್ಚುಕಡಿಮೆ ಹೊಸದರ ಖರ್ಚೇ ಬೀಳುತ್ತದೆ, ಬಾಳಿಕೆಯ ಮಾತು ಕೊಡಲಾರೆ ಎಂದೂ ಹೇಳಿದರು.

ಪಾರ್ವತಿಬಾಯಿ ಕರಕಾದ ಎಸಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಶೈಲಶ್ರೀ ಇದರ ಮುಂದೆ ತಾಸುಗಟ್ಟಲೆ ಕುಳಿತಿರುತ್ತಿದ್ದಳು. ಅವಳ ಮುಖಕ್ಕೂ ಈ ಸುಟ್ಟ ಜಾಗಕ್ಕೂ ನಡುವೆ ಇದ್ದದ್ದು ತೆಳುವಾದ ಗಾಜು.

"ರಿಪೇರಿ ಬ್ಯಾಡ" ಎಂದರು. "ಹೊಸದು ಬರ್ಲಿ. ಇದನ್ನ ಮಾತ್ರ ಆ ಗೋದಾಮಿಗೆ ಕೊಡಬ್ಯಾಡ್ರಿ. ಅಲ್ಲಿ ಆ ಹುಡುಗರು ಒಡದು ಉಸಿರಾಡ್ತಾರ."

ರಶ್ಮಿ ಅದನ್ನು ಹಳೆಯ ಎಲೆಕ್ಟ್ರಾನಿಕ್ ವಸ್ತುಗಳನ್ನು ಸರಿಯಾಗಿ ವಿಲೇವಾರಿ ಮಾಡುವ, ಪರವಾನಗಿ ಇರುವ ಕೇಂದ್ರಕ್ಕೆ ಮುಟ್ಟಿಸಿದಳು. ಶೈಲಶ್ರೀ ಊರಿಂದ ಬಂದಾಗ ಮೇಜಿನ ಮೇಲೆ ಹೊಸ ಮಾನಿಟರ್ ಇತ್ತು, ಬೆನ್ನಿಗೆ ಬಟ್ಟೆಯ ಹೊದಿಕೆಯಿಲ್ಲದೆ, ಗೋಡೆಯಿಂದ ಒಂದು ಗೇಣು ದೂರ. ನಿಂತುಹೋಗಿದ್ದ ಪತ್ರಿಕೆಗಳನ್ನು ಅವಳು ಮುಗಿಸಿಕೊಟ್ಟಳು. ನಗುವ ಫೋಟೋವನ್ನು ಕಾಗದದ ಮೇಲೆ ಹಾಕಿಸಿ ಕಟ್ಟು ಹಾಕಿಸಿದರು. ಅಮಾವಾಸ್ಯೆಯ ಎಡೆ ಈಗ ಅದರ ಮುಂದೆ.

ಓದುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯ ಹಳೆಯ ಮಾನಿಟರ್ ಮಿಣುಕುತ್ತಿದೆಯೇ, ಕೆಂಪಾಗುತ್ತಿದೆಯೇ, ಟಿಕ್ ಎನ್ನುತ್ತಿದೆಯೇ? ಹೆದರಬೇಡಿ, ಹಾಗಂತ ಸುಮ್ಮನೆಯೂ ಇರಬೇಡಿ. ಬೆನ್ನಿನ ಕಂಡಿಗಳಿಗೆ ಬಟ್ಟೆ, ಹೂವು, ಹೊಗೆ ತಾಗಿಸಬೇಡಿ. ಕೆಲಸ ಮುಗಿದ ಮೇಲೆ ಆರಿಸಿ. ಸುಟ್ಟ ವಾಸನೆ ಬಂದರೆ ಮೊದಲು ಗೋಡೆಯ ಸ್ವಿಚ್ ತೆಗೆದು ವೈರು ಕೀಳಿ, ಆಮೇಲೆ ಬಲ್ಲವರನ್ನು ಕರೆಯಿರಿ. ಸಣ್ಣ ದೋಷವಾದರೆ ರಿಪೇರಿ ಮಾಡಿಸಿ, ಚೆನ್ನಾಗಿರುವುದನ್ನು ಎಸೆಯಬೇಡಿ. ದೊಡ್ಡ ದೋಷವಾದರೆ ಮಾನಿಟರನ್ನಷ್ಟೇ ಬದಲಿಸಿ, ಹಳೆಯದನ್ನು ಪರವಾನಗಿ ಇರುವವರಿಗೆ ಕೊಡಿ.

ಇನ್ನೊಂದು ಮಾತು. ಕಪ್ಪಾದ ಪರದೆ ಕಂಡು ಕಂಪ್ಯೂಟರೇ ಸತ್ತಿತೆಂದು ಕೈತೊಳೆದುಕೊಳ್ಳಬೇಡಿ. ಕೆಳಗಿನ ಡಬ್ಬಿಯನ್ನು ಯಾರ ಕೈಗೂ ಕೊಡುವ ಮುಂಚೆ ನೆರೆಮನೆಯ ಟೀವಿಗಾದರೂ ಒಮ್ಮೆ ಜೋಡಿಸಿ. ಒಳಗೆ ನಿಮ್ಮವರು ಯಾರಿದ್ದಾರೆಂದು ನೋಡಿಕೊಳ್ಳಿ.